ಆಟಿಕೆ ಗ್ಯಾರೇಜ್ ಮುರಿಯುವುದು ಎಲ್ಲಿ?

ನಾನು ಕೆಲಸ ಮಾಡುವುದು ಆಟಿಕೆ ಲೈಬ್ರರಿಯಲ್ಲಿ. ಜನ ಮಕ್ಕಳಿಗೆ ಆಟಿಕೆ ಒಯ್ಯುತ್ತಾರೆ, ಕೆಲವು ವಾರ ಆಡಿಸಿ ವಾಪಸ್ ತರುತ್ತಾರೆ. ಬಂದದ್ದನ್ನು ಒರೆಸಿ, ತುಂಡು ಎಣಿಸಿ, ಸಡಿಲವಾದದ್ದನ್ನು ಬಿಗಿ ಮಾಡುವುದು ನನ್ನ ಪಾಲಿನ ಕೆಲಸ. ರಿಪೇರಿ ಮೇಜಿನ ಮೇಲೆ ಪದೇ ಪದೇ ಬಂದು ಕೂರುವುದು ಕಾರುಗಳ ಗ್ಯಾರೇಜ್. ಎರಡು ಮೂರು ಮಹಡಿ, ಕಾರು ಜಾರಿ ಬರಲು ಇಳಿಜಾರು, ಮೇಲೆ ಏರಿಸಲು ಲಿಫ್ಟ್, ಪಕ್ಕದಲ್ಲೊಂದು ಪೆಟ್ರೋಲ್ ಬಂಕ್. ಪುಟ್ಟ ಮಕ್ಕಳ ಅಪ್ಪ ಅಮ್ಮಂದಿರು ಕೇಳುವುದು ಒಂದೇ: "ಇದರಲ್ಲಿ ಗಟ್ಟಿ ಯಾವುದು?"

ನನ್ನ ಉತ್ತರವೂ ಒಂದೇ. ಮಹಡಿ ಎಷ್ಟಿದೆ ಅಂತ ನೋಡಬೇಡಿ, ಮಗು ಅದರ ಮೇಲೆ ಒರಗಿದರೆ ಏನಾಗುತ್ತದೆ ಅಂತ ನೋಡಿ.

ಡಬ್ಬದ ಮೇಲಿನ ಚಿತ್ರದಲ್ಲಿ ಮಗು ಚಕ್ಕಳಮಕ್ಕಳ ಹಾಕಿ ಕೂತು ಒಂದು ಕಾರನ್ನು ನಾಜೂಕಾಗಿ ಇಡುತ್ತಿರುತ್ತದೆ. ಅಂಥ ಮಗುವನ್ನು ನಾನಂತೂ ನೋಡಿಲ್ಲ. ಒಂದೂವರೆ ವರ್ಷದ ಮಗು ಗ್ಯಾರೇಜಿನ ಮೇಲಿನ ಮಹಡಿಯನ್ನು ಹಿಡಿದುಕೊಂಡು ಎದ್ದು ನಿಲ್ಲುತ್ತದೆ. ಎರಡು ವರ್ಷದ್ದು ಅದರ ಮೇಲೆ ಕೂರಲು ನೋಡುತ್ತದೆ, ಇಲ್ಲವೇ ಇಡೀ ಗ್ಯಾರೇಜನ್ನೇ ಕೋಣೆ ತುಂಬ ತಳ್ಳಿಕೊಂಡು ಹೋಗುತ್ತದೆ. ಆ ವಯಸ್ಸಿನ ಮಗು ಸುಮಾರು 12 ಕೆಜಿ ಇರುತ್ತದೆ. ಅಷ್ಟು ಭಾರ ಪಕ್ಕದಿಂದ ಬಿದ್ದಾಗ ಮಹಡಿಯ ಹಲಗೆಗೆ ಏನೂ ಆಗುವುದಿಲ್ಲ. ಹೋಗುವುದು ಕಂಬದ ಬುಡ.

ಹಾಗಾಗಿ ಜೋಡಿಸಿಟ್ಟ ಗ್ಯಾರೇಜ್ ಸಿಕ್ಕರೆ ಮೇಲಿನ ಮಹಡಿಗೆ ಅಂಗೈ ಇಟ್ಟು ಪಕ್ಕಕ್ಕೆ ತಳ್ಳಿ. ಸ್ವಲ್ಪ ಬಾಗಿ ಹಾಗೇ ವಾಪಸ್ ಬಂದರೆ ಪರವಾಗಿಲ್ಲ. ಕಂಬ ತೂತಿನೊಳಗೆ ಕಟಕಟ ಅಲ್ಲಾಡಿದರೆ ಬೇಡ. ಹಿಂದುಗಡೆ ಪೂರ್ತಿ ಗೋಡೆ ಇರುವ ಮಾದರಿ ನಾಲ್ಕೇ ಕಂಬದ ಮೇಲೆ ನಿಂತದ್ದಕ್ಕಿಂತ ಎಷ್ಟೋ ವಾಸಿ. ತಳ ಅಗಲವಾಗಿರಲಿ. ಎತ್ತರ ಮಗುವಿನ ಎದೆಮಟ್ಟ ಮೀರದಿರಲಿ.

ಜೋಡಣೆ ಸ್ಕ್ರೂನದ್ದೋ, ಒತ್ತಿ ಕೂರಿಸುವಂಥದ್ದೋ ಅಂತಲೂ ನೋಡಿ. ಒತ್ತಿ ಕೂರಿಸುವ ಪ್ಲಾಸ್ಟಿಕ್ ಪ್ರತಿ ಸಲ ಬಿಚ್ಚಿದಾಗಲೂ ಒಂಚೂರು ಸವೆಯುತ್ತದೆ. ಬುಡದಲ್ಲಿ ಬಿಳಿ ಗೆರೆ ಕಾಣಿಸಿದರೆ ಅಲ್ಲಿ ಪ್ಲಾಸ್ಟಿಕ್ ಬಳಲಿದೆ ಅಂತಲೇ ಅರ್ಥ, ಮುಂದೆ ಮುರಿಯುವುದೂ ಅಲ್ಲೇ. ಅಂಥದ್ದನ್ನು ಒಮ್ಮೆ ಜೋಡಿಸಿದ ಮೇಲೆ ಎತ್ತಿಡಲು ಅಂತ ದಿನಾ ಬಿಚ್ಚಬೇಡಿ.

ಇನ್ನು ಲಿಫ್ಟ್. ನನ್ನ ರಿಪೇರಿಯ ಅರ್ಧ ಪಾಲು ಇದೇ ಅನ್ನಿ. ಹಿಡಿಕೆ ತಿರುಗಿಸಿದರೆ ಮೇಲೇರುವ ಲಿಫ್ಟ್ ತುದಿ ಮುಟ್ಟಿದ ಮೇಲೂ ಮಗು ತಿರುಗಿಸುತ್ತಲೇ ಇರುತ್ತದೆ. ನಿಲ್ಲಿಸಬೇಕು ಅಂತ ಅದಕ್ಕೆ ಗೊತ್ತಾಗುವುದಾದರೂ ಹೇಗೆ, ಅಲ್ವಾ? ಒಳ್ಳೆಯ ಲಿಫ್ಟಾದರೆ ಆಗ ಹಿಡಿಕೆ ಟಕ್ ಟಕ್ ಅಂತ ಜಾರುತ್ತದೆ, ಹಲ್ಲುಚಕ್ರ ಉಳಿಯುತ್ತದೆ. ಇಲ್ಲದಿದ್ದರೆ ಹಲ್ಲು ಮುರಿಯುತ್ತದೆ ಅಥವಾ ಹಿಡಿಕೆಯೇ ಕೈಗೆ ಬರುತ್ತದೆ. ದಾರದ ಲಿಫ್ಟ್ ಗಂಟು ಬೀಳುತ್ತದೆ, ಕುತ್ತಿಗೆಗೆ ಸುತ್ತಿಕೊಳ್ಳುವ ಭಯ ಬೇರೆ. ಎರಡು ವರ್ಷದೊಳಗಿನ ಮಗುವಿಗೆ ಕೈಯಲ್ಲೇ ಹಿಡಿದು ಮೇಲೆ ಕೆಳಗೆ ಜಾರಿಸುವ ಸಾದಾ ಲಿಫ್ಟ್ ಸಾಕು. ಅದರಲ್ಲಿ ಮುರಿಯಲು ಏನೂ ಇರುವುದಿಲ್ಲ.

ಅಲುಗಾಡುವ ಭಾಗಗಳ ನಡುವಿನ ಸಂದಿಯನ್ನೂ ಗಮನಿಸಿ. ಸುರಕ್ಷತೆಯ ಲೆಕ್ಕ ಹೀಗೆ: ಸಂದಿ 5 ಮಿ.ಮೀ.ಗಿಂತ ಕಿರಿದಾಗಿರಬೇಕು, ಇಲ್ಲವೇ 12 ಮಿ.ಮೀ.ಗಿಂತ ಅಗಲವಾಗಿರಬೇಕು. ನಡುವಿನದ್ದಾದರೆ ಪುಟ್ಟ ಬೆರಳು ಒಳಗೆ ಹೋಗಿ ಸಿಕ್ಕಿಕೊಳ್ಳುತ್ತದೆ.

ಮರವೋ ಪ್ಲಾಸ್ಟಿಕ್ಕೋ ಅನ್ನುವ ವಾದ ನನಗೆ ಅಷ್ಟು ಮುಖ್ಯ ಅನ್ನಿಸುವುದಿಲ್ಲ. ದಪ್ಪ ಪ್ಲೈವುಡ್ ಗಟ್ಟಿ. ಎಂಡಿಎಫ್, ಅಂದರೆ ಮರದ ನಾರನ್ನು ಅಂಟು ಹಾಕಿ ಒತ್ತಿ ಮಾಡಿದ ಹಲಗೆ, ಮಾತ್ರ ನೀರು ಕುಡಿದರೆ ಅಂಚಿನಲ್ಲಿ ಉಬ್ಬುತ್ತದೆ, ಜೊಲ್ಲು ಸುರಿಸುವ ಮಕ್ಕಳಿರುವಲ್ಲಿ ಅದು ಬೇಗ ಹಾಳಾಗುತ್ತದೆ. ಪ್ಲಾಸ್ಟಿಕ್ಕಿನಲ್ಲಿ ಎಬಿಎಸ್ ಅನ್ನುವ ಗಟ್ಟಿ ಬಗೆ ಪೆಟ್ಟು ತಡೆಯುತ್ತದೆ. ಗಾಜಿನ ಹಾಗೆ ಪಾರದರ್ಶಕವಾದ ತೆಳು ಪ್ಲಾಸ್ಟಿಕ್ ಒಡೆದರೆ ಚೂಪು ಚೂರಾಗುವುದೇ ಜಾಸ್ತಿ. ಕಿಟಕಿ, ಬಾಗಿಲಿಗೆ ಅದನ್ನು ಹಾಕಿದ್ದರೆ ನಾನು ಆರಿಸುವುದಿಲ್ಲ.

ಗಟ್ಟಿತನ ಅಂದರೆ ಬರೀ ಬಾಳಿಕೆಯ ಮಾತಲ್ಲ. ಮುರಿದ ತುಂಡು ನೇರ ಬಾಯಿಗೆ ಹೋಗುತ್ತದೆ. ಮೂರು ವರ್ಷದೊಳಗಿನವರ ಆಟಿಕೆ ಪರೀಕ್ಷಿಸಲು 31.7 ಮಿ.ಮೀ. ಅಗಲದ ಒಂದು ಕೊಳವೆ ಬಳಸುತ್ತಾರೆ. ಅದರೊಳಗೆ ಪೂರ್ತಿ ಕೂರುವ ತುಂಡು ಉಸಿರು ಕಟ್ಟಿಸಬಹುದು ಅಂತ ಲೆಕ್ಕ. ಮನೆಯಲ್ಲಿ ಟಾಯ್ಲೆಟ್ ಪೇಪರಿನ ಒಳಗಿನ ರಟ್ಟಿನ ಕೊಳವೆಯಿಂದ ನೋಡಬಹುದು. ಅದು ಇನ್ನೂ ಸ್ವಲ್ಪ ಅಗಲ, ಹಾಗಾಗಿ ಅದರಲ್ಲಿ ತೂರದ ತುಂಡಿಗೆ ಹೆದರಬೇಕಿಲ್ಲ. ಬಾವುಟ, ಪೆಟ್ರೋಲ್ ಪಂಪಿನ ಮೂತಿ, ಪುಟ್ಟ ಫಲಕ, ಇವನ್ನೆಲ್ಲ ಎಳೆದು ನೋಡಿ. ಆಟಿಕೆ ಸುರಕ್ಷತೆಗಾಗಿ ಇರುವ ಯುರೋಪಿನ ಇಎನ್ 71 ಮಾನದಂಡದ ಪರೀಕ್ಷೆಯಲ್ಲಿ ಆಟಿಕೆಯನ್ನು 85 ಸೆಂ.ಮೀ. ಎತ್ತರದಿಂದ ಐದು ಸಲ ಬೀಳಿಸುತ್ತಾರೆ, ತೀರಾ ದೊಡ್ಡದಾದರೆ ಉರುಳಿಸುತ್ತಾರೆ. ಆದರೆ ಪರೀಕ್ಷೆಗೆ ಹೋಗುವುದು ಹೊಚ್ಚ ಹೊಸದು. ಅಣ್ಣ ಆಡಿ ಬಿಟ್ಟದ್ದನ್ನು ತಂಗಿಗೆ ಕೊಡುವಾಗ ಮತ್ತೊಮ್ಮೆ ನೀವೇ ಎಳೆದು, ಅಲ್ಲಾಡಿಸಿ ನೋಡಬೇಕು.

ದೀಪ, ಸದ್ದು ಇರುವುದು ಬೇಕೇ ಬೇಕು ಅಂದರೆ ಬ್ಯಾಟರಿ ಮುಚ್ಚಳಕ್ಕೆ ಸ್ಕ್ರೂ ಇರಲಿ. ಗುಂಡಿಯಂಥ ಚಪ್ಪಟೆ ಬ್ಯಾಟರಿ ನುಂಗಿದರೆ ಎರಡೇ ಗಂಟೆಯಲ್ಲಿ ಅನ್ನನಾಳ ಸುಡಬಲ್ಲದು. ಅಂಥ ಅನುಮಾನ ಬಂದರೆ ಕಾಯಬೇಡಿ, ಸೀದಾ ಆಸ್ಪತ್ರೆಗೆ ಹೋಗಿ. ನಾನು ಕೇಳಿದವರಿಗೆಲ್ಲ ಸದ್ದಿಲ್ಲದ್ದನ್ನೇ ಹೇಳುತ್ತೇನೆ. ಸದ್ದನ್ನು ಮಕ್ಕಳು ಬಾಯಲ್ಲೇ ಮಾಡಿಕೊಳ್ಳುತ್ತಾರೆ.

ಕೊನೆಗೆ ಕಾರು. ಜೊತೆಗೆ ಬರುವವು ದಪ್ಪಗಿನ, ಮುಷ್ಟಿ ತುಂಬುವ ಕಾರುಗಳಾಗಿರಲಿ. ಸಣ್ಣ ಲೋಹದ ಕಾರುಗಳು ಸಾಮಾನ್ಯವಾಗಿ ಮೂರು ವರ್ಷ ದಾಟಿದವರಿಗೆ, ಅವುಗಳ ಚಕ್ರ ಕಳಚಿ ಬರಬಹುದು. ಹಾಗಂತ ಇಳಿಜಾರು ಜೊತೆಗೆ ಬಂದ ಕಾರಿನ ಅಳತೆಗೆ ಮಾತ್ರ ಇರುವುದೂ ಬೇಡ. ಕಾರು ಕಳೆದ ದಿನವೇ ಗ್ಯಾರೇಜ್ ಮೂಲೆ ಸೇರುತ್ತದೆ. ಹಾಗೆಯೇ ಹಿಡಿಕೆ, ಕಂಬದಂಥ ಬಿಡಿಭಾಗ ಬೇರೆಯಾಗಿ ಸಿಗುತ್ತದಾ ಅಂತ ಕೊಳ್ಳುವ ಮುಂಚೆಯೇ ಕೇಳಿಕೊಳ್ಳಿ. ಒಂದು ಹಿಡಿಕೆ ಸಿಗದೆ ಮಿಕ್ಕೆಲ್ಲ ಚೆನ್ನಾಗಿದ್ದ ಗ್ಯಾರೇಜನ್ನು ಎಸೆಯುವುದು ನಮ್ಮಲ್ಲಿ ಅಪರೂಪವೇನಲ್ಲ.