ಮರೆತು ಕುಡಿದ ಒಂದು ಗುಟುಕು

ಇಂದು ಮಧ್ಯಾಹ್ನ ರವಿಕೆ ತರಲು ಹೋಗಿದ್ದೆ. ಕಲಬುರಗಿಯ ಬಿಸಿಲು, ತಗಡಿನ ಚಾವಣಿಯ ಅಂಗಡಿ.

ದರ್ಜಿ ಚಾಚಾ ಕತ್ತರಿ ಕೆಳಗಿಟ್ಟು, ಇಸ್ತ್ರಿಗೆ ಚಿಮುಕಿಸಲು ಇಟ್ಟಿದ್ದ ತಂಬಿಗೆ ಎತ್ತಿ ಒಂದು ಗುಟುಕು ಕುಡಿದುಬಿಟ್ಟರು. ಎರಡನೆಯದು ಬಾಯಲ್ಲಿರುವಾಗಲೇ ರೋಜಾದ ಉಪವಾಸ ನೆನಪಾಯಿತು. ಹೊರಗೆ ಹೋಗಿ ಉಗುಳಿ ಬಂದರು. ಗಡ್ಡದ ತುದಿಯಲ್ಲಿ ಒಂದು ಹನಿ ನಿಂತಿತ್ತು. ಅಂಗೈಯಿಂದ ಒರೆಸಿಕೊಂಡರು.

"ಅಯ್ಯೋ ಚಾಚಾ, ಇಂದಿನ ರೋಜಾ ಹೋಯಿತೇ?" ನನಗೇ ಸಂಕಟ.

"ಇಲ್ಲ ಬೇಟಿ. ಮರೆತು ಕುಡಿದರೆ ಮುರಿಯುವುದಿಲ್ಲ. ಅಲ್ಲಾಹನೇ ಕುಡಿಸಿದ್ದು, ರೋಜಾ ಪೂರ್ತಿ ಮಾಡಿ ಎಂದು ಪೈಗಂಬರರು ಹೇಳಿದ್ದಾರೆ. ನೆನಪಾದ ಮೇಲೂ ನುಂಗಿದರೆ ಮಾತ್ರ ಹೋಯಿತು."

ಕಾಯಿಲೆಯವರಿಗೆ, ಪ್ರಯಾಣಿಕರಿಗೆ ವಿನಾಯಿತಿ ಇದೆ, ಬಿಟ್ಟ ದಿನಗಳನ್ನು ಆಮೇಲೆ ತುಂಬಿಕೊಡಬೇಕು ಎಂಬುದು ಗೊತ್ತಿತ್ತು. ಮರೆವಿಗೂ ಇಷ್ಟು ಕರುಣೆ ಇದೆ ಎಂದು ಗೊತ್ತಿರಲಿಲ್ಲ.

ಶ್ರಾವಣ ಸೋಮವಾರ ಮರೆತು ಒಂದು ಹಿಡಿ ಚುರುಮುರಿ ಬಾಯಿಗೆ ಹಾಕಿಕೊಂಡು ದಿನವಿಡೀ ಅಳುಕಿದ್ದ ಅವ್ವ ನೆನಪಾದಳು. ಅವಳಿಗೂ ಅಂದು ಯಾರಾದರೂ ಹೀಗೆ ಹೇಳಬೇಕಿತ್ತು.

ಹೊರಡುವಾಗ ನೋಡಿದೆ. ತಂಬಿಗೆಯನ್ನು ಹೊಲಿಗೆ ಯಂತ್ರದ ಹಿಂದೆ, ಕೈಗೆ ಎಟುಕದ ಕಡೆ ಸರಿಸಿದ್ದರು. ರೋಜಾ ಬಿಡುವ ಸಂಜೆಯ ಮಗ್ರಿಬ್ ಆಜಾನ್‌ಗೆ ಇನ್ನೂ ಐದು ತಾಸು ಇತ್ತು.