“30 ಪರ್ಸೆಂಟ್ ಅಂತ ಬೋರ್ಡೇ ಬರೆದಿದೆ, ಆದರೂ ಪೆನ್ಷನ್ ಯಾಕೆ ಬರಲಿಲ್ಲ?”

ಮಾಜಿ ಸೈನಿಕರು, ಹೆಚ್ಚಾಗಿ ಅವರ ಮಕ್ಕಳು, ಮತ್ತೆ ಮತ್ತೆ ಕೇಳುವ ಪ್ರಶ್ನೆ ಇದು: “ಅಪ್ಪನಿಗೆ ಬಿಪಿ ಸರ್ವಿಸ್‌ನಲ್ಲಿದ್ದಾಗಲೇ ಬಂತು. ಮೆಡಿಕಲ್ ಬೋರ್ಡ್ 30 ಪರ್ಸೆಂಟ್ ಕೊಟ್ಟಿದೆ. ಊರಿನ ಆಸ್ಪತ್ರೆಯ ಫೈಲೂ ಇಷ್ಟು ದಪ್ಪ ಇದೆ. ಡಿಸೆಬಿಲಿಟಿ ಪೆನ್ಷನ್ ಮಾತ್ರ ರಿಜೆಕ್ಟ್. ಯಾಕೆ?”

ಉತ್ತರ ಆ ದಪ್ಪ ಫೈಲಿನಲ್ಲಿಲ್ಲ. ಸೇನೆಯಿಂದ ಹೊರಬರುವ ಮುಂಚೆ ನಡೆದ ರಿಲೀಸ್ ಮೆಡಿಕಲ್ ಬೋರ್ಡಿನ ಕಾಗದದಲ್ಲಿದೆ. ಫಾರ್ಮಿನ ಹೆಸರು ಎಎಫ್‌ಎಂಎಸ್‌ಎಫ್-16. ಅದರಲ್ಲಿ ಬೋರ್ಡಿನ ಅಭಿಪ್ರಾಯದ ಕೋಷ್ಟಕ ಹುಡುಕಿ. ಕಾಯಿಲೆಯ ಹೆಸರಿನ ಪಕ್ಕ ಮೂರು ಕಾಲಂ: ಸೇವೆಯಿಂದಲೇ ಬಂದದ್ದೇ, ಸೇವೆಯಿಂದ ಉಲ್ಬಣಿಸಿದ್ದೇ, ಸೇವೆಗೂ ಇದಕ್ಕೂ ಸಂಬಂಧವೇ ಇಲ್ಲವೇ. ಕೊನೆಯಲ್ಲಿ ಕಾರಣ ಬರೆಯುವ ಕಾಲಂ. ಮೊದಲೆರಡಕ್ಕೂ ‘ನೋ’ ಬಿದ್ದಿದ್ದರೆ ಅದನ್ನು ಫೌಜಿಗಳು ‘ನಾನಾ’ ಅನ್ನುತ್ತಾರೆ (‘ನೀದರ್ ಆಟ್ರಿಬ್ಯೂಟಬಲ್ ನಾರ್ ಅಗ್ರವೇಟೆಡ್’ ಎಂಬುದರ ಮೊದಲ ಅಕ್ಷರಗಳು). ಕನ್ನಡದಲ್ಲಿ ನಾನಾ ಅಂದರೆ ಹಲವು. ಇಲ್ಲಿ ಏನೂ ಇಲ್ಲ. ಅಂಗವೈಕಲ್ಯ 30 ಪರ್ಸೆಂಟ್ ಅಂತ ಒಂದು ಕಡೆ ಬರೆದಿದ್ದರೂ, ಪೆನ್ಷನ್‌ಗೆ ಅರ್ಹವಾದ ನಿವ್ವಳ ಪ್ರಮಾಣ ಎಂಬ ಜಾಗದಲ್ಲಿ ‘ನಿಲ್’ ಅಂತ ಇರುತ್ತದೆ. ಮನೆಯವರು ಮೊದಲನೆಯದನ್ನು ಓದಿರುತ್ತಾರೆ, ಎರಡನೆಯದನ್ನು ಓದಿರುವುದಿಲ್ಲ.

ಹಾಗಾಗಿ ಕಾಯಿಲೆ ಇದೆ ಎಂದು ತೋರಿಸುವ ಹೊಸ ರಿಪೋರ್ಟ್‌ಗಳನ್ನು ಎಷ್ಟು ಪೇರಿಸಿದರೂ ಉಪಯೋಗವಿಲ್ಲ. ಕಾಯಿಲೆ ಇದೆ ಅಂತ ಬೋರ್ಡೂ ಒಪ್ಪಿದೆಯಲ್ಲ! ತಕರಾರು ಇರುವುದು ಸೇವೆಯ ಜೊತೆಗಿನ ಕೊಂಡಿಯ ಬಗ್ಗೆ. ಜಿಲ್ಲಾ ಆಸ್ಪತ್ರೆಯ ಅಂಗವಿಕಲರ ಪ್ರಮಾಣಪತ್ರಕ್ಕೂ ಇದೇ ಮಾತು. ಬಸ್ ಪಾಸಿಗೆ ಅದು ಬೇಕು, ಈ ಕೊಂಡಿಗೆ ಅದು ಸಾಕ್ಷಿಯಲ್ಲ.

ಕೊಂಡಿ ಸಿಗುವುದು ಸರ್ವಿಸ್‌ನಲ್ಲಿದ್ದಾಗಲೇ ಹುಟ್ಟಿದ ಕಾಗದಗಳಲ್ಲಿ. ಮೊದಲನೆಯದು ಭರ್ತಿಯಾದಾಗಿನ ವೈದ್ಯಕೀಯ ಪರೀಕ್ಷೆ. ಸುಪ್ರೀಂ ಕೋರ್ಟ್ 2013ರಲ್ಲಿ ಧರಮ್‌ವೀರ್ ಸಿಂಗ್ ಪ್ರಕರಣದಲ್ಲಿ ಹೇಳಿದ್ದು ಇದನ್ನೇ: ಸೇರುವಾಗ ಕಾಯಿಲೆಯ ಉಲ್ಲೇಖ ಇಲ್ಲದಿದ್ದರೆ ಆತ ಆರೋಗ್ಯವಂತನಾಗಿದ್ದ ಎಂದೇ ಹಿಡಿಯಬೇಕು; ಸಂಬಂಧವಿದೆ ಎಂದು ತೋರಿಸುವ ಹೊಣೆ ಸೈನಿಕನದಲ್ಲ; ಬೋರ್ಡ್ ಕಾರಣ ಬರೆಯಲೇಬೇಕು. ಆ ಸೈನಿಕ 1985ರಲ್ಲಿ ಸೇರಿ 1994ರಲ್ಲಿ ಅಪಸ್ಮಾರದ ಕಾರಣಕ್ಕೆ 20 ಪರ್ಸೆಂಟ್‌ನೊಂದಿಗೆ ಬೋರ್ಡ್ ಔಟ್ ಆದವರು, ಅಂದರೆ ಅನಾರೋಗ್ಯದ ಮೇಲೆ ಸೇವೆಯಿಂದ ಬಿಡುಗಡೆಯಾದವರು.

ಎರಡನೆಯದು ಪೋಸ್ಟಿಂಗ್ ಪಟ್ಟಿ. ನಿರಾಕರಣೆಗೆ ತೀರಾ ಸಾಮಾನ್ಯ ಕಾರಣ ‘ಕಾಯಿಲೆ ಶುರುವಾದದ್ದು ಪೀಸ್ ಸ್ಟೇಷನ್‌ನಲ್ಲಿ’ ಎಂಬ ಒಂದೇ ಸಾಲು. ಪೀಸ್ ಎಂದರೆ ಗಡಿಯಿಂದ ದೂರದ ಶಾಂತ ಜಾಗ, ಫೀಲ್ಡ್ ಎಂದರೆ ಗಡಿಯಂಥ ಕಠಿಣ ಜಾಗ. ಬೆಳಗಾವಿಯಲ್ಲಿದ್ದಾಗ ಬಿಪಿ ಪತ್ತೆಯಾಗಿರಬಹುದು. ಅದಕ್ಕೆ ಎಂಟು ತಿಂಗಳ ಹಿಂದಷ್ಟೇ ಆತ ಎತ್ತರದ ಗಡಿಯಿಂದ ಇಳಿದು ಬಂದಿರಬಹುದು. ಪತ್ತೆಯಾದ ದಿನವೂ ಶುರುವಾದ ದಿನವೂ ಒಂದೇ ಅಲ್ಲ. ಎಎಫ್‌ಎಂಎಸ್‌ಎಫ್-16ರ ಸ್ವಂತ ಹೇಳಿಕೆಯಲ್ಲಿ ಎಲ್ಲಿಂದ ಎಲ್ಲಿಯವರೆಗೆ, ಯಾವ ಜಾಗ, ಪೀಸೋ ಫೀಲ್ಡೋ ಎಂದು ತುಂಬುವ ಕೋಷ್ಟಕ ಇದೆ. ಹೊರಡುವ ಅವಸರದಲ್ಲಿ ಹಲವರು ಇಪ್ಪತ್ತು ವರ್ಷವನ್ನು ಎರಡು ಸಾಲಿನಲ್ಲಿ ಮುಗಿಸಿ ಸಹಿ ಹಾಕಿಬಿಡುತ್ತಾರೆ. ಅಲ್ಲೇ ಕೇಸು ಅರ್ಧ ಸೋತಂತೆ.

ತೂಕದ ದಾಖಲೆಯನ್ನೂ ನೋಡಿ. ಬಿಪಿ, ಶುಗರ್ ಕೇಸುಗಳಲ್ಲಿ ಬೊಜ್ಜು ಎಂಬ ಕಾರಣ ಬಂದಿದ್ದರೆ, ವಾರ್ಷಿಕ ಪರೀಕ್ಷೆಯ ತೂಕಗಳು ಮಿತಿಯೊಳಗೇ ಇದ್ದವು ಎಂದು ತೋರಿಸಿದರೆ ಆ ಕಾರಣ ಬಿದ್ದುಹೋಗುತ್ತದೆ. ಗಾಯವಾದರೆ ಐಎಎಫ್‌ವೈ-2006 ಎಂಬ ಇಂಜುರಿ ರಿಪೋರ್ಟ್ ಬೇಕು. ರಜೆಯಲ್ಲಿ ಊರಿಗೆ ಬಂದಾಗ ಬೈಕಿನಿಂದ ಬಿದ್ದ ಕೇಸು ಕಷ್ಟ. ಸರ್ವಿಸ್‌ನಲ್ಲಿದ್ದರು ಎನ್ನುವುದಷ್ಟೇ ಸಾಲದು.

ಈ ಕಾಗದಗಳು ಕೈಯಲ್ಲಿಲ್ಲದಿದ್ದರೆ ಆರ್‌ಟಿಐ ಹಾಕಿ. ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನದ ಗಡುವು. ಹಾಕಬೇಕಾದ್ದು ಸೇವಾ ದಾಖಲೆ ಇಟ್ಟುಕೊಳ್ಳುವ ಅವರವರ ರೆಕಾರ್ಡ್ ಆಫೀಸಿಗೆ. ಎಂಇಜಿಯವರಿಗೆ (ಮದ್ರಾಸ್ ಎಂಜಿನಿಯರ್ ಗ್ರೂಪ್) ಅದು ಬೆಂಗಳೂರಿನಲ್ಲೇ ಇದೆ. ‘ನನ್ನ ಎಲ್ಲ ಮೆಡಿಕಲ್ ದಾಖಲೆ ಕೊಡಿ’ ಎಂದು ಬರೆದರೆ ಎರಡು ಹಾಳೆ ಬಂದರೆ ಹೆಚ್ಚು. ಆರ್ಮಿ ನಂಬರ್ ಹಾಕಿ, ಫಾರ್ಮಿನ ಹೆಸರು ಹಿಡಿದು ಕೇಳಿ: ಭರ್ತಿಯ ವೈದ್ಯಕೀಯ ಪರೀಕ್ಷೆ, ಸರ್ವಿಸ್‌ನಲ್ಲಿದ್ದಾಗ ಆರೋಗ್ಯದ ದರ್ಜೆ ನಿರ್ಧರಿಸಿದ ಎಲ್ಲ ಕ್ಯಾಟಗರಿ ಬೋರ್ಡುಗಳು, ಎಎಫ್‌ಎಂಎಸ್‌ಎಫ್-16ರ ಎಲ್ಲ ಪುಟಗಳು, ನಿರಾಕರಣೆಯ ಪತ್ರ.

ಖಾಸಗಿ ವೈದ್ಯರ ಪತ್ರ ಬೇಡವೇ ಬೇಡ ಎಂದಲ್ಲ. ಆದರೆ ‘ಇವರಿಗೆ ಬೆನ್ನುನೋವಿದೆ, ಸೇನೆಯಲ್ಲಿದ್ದರು’ ಎಂಬ ಪತ್ರದ ತೂಕ ಸೊನ್ನೆ. ಕೆಲಸಕ್ಕೆ ಬರುವ ಪತ್ರ ಹೀಗಿರುತ್ತದೆ: ‘1999ರ ಭರ್ತಿ ಪರೀಕ್ಷೆಯಲ್ಲಿ ಬೆನ್ನುಮೂಳೆ ಸಹಜ. 2011ರ ಎಂಆರ್‌ಐನಲ್ಲಿ ಎಲ್4-ಎಲ್5 ಡಿಸ್ಕ್ ಜಾರಿದೆ. ನಡುವೆ ಭಾರ ಹೊತ್ತು ನಡೆಯುವ ಎರಡು ಫೀಲ್ಡ್ ಪೋಸ್ಟಿಂಗ್. ಈ ದಾಖಲೆಗಳನ್ನು ನಾನು ನೋಡಿದ್ದೇನೆ; ಡಿಸ್ಕಿನ ಮೇಲೆ ಬಿದ್ದ ಒತ್ತಡದಿಂದ ತೊಂದರೆ ಹೆಚ್ಚಿದೆ ಎಂಬುದು ನನ್ನ ಅಭಿಪ್ರಾಯ.’ ಅಂದರೆ ವೈದ್ಯರ ಮುಂದೆ ನೋವು ಹೇಳಿಕೊಳ್ಳುವ ಮೊದಲು ಸರ್ವಿಸ್ ಕಾಗದಗಳ ಜೆರಾಕ್ಸ್ ಇಡಬೇಕು.

ಇನ್ನು ಲೆಕ್ಕ. 20 ಪರ್ಸೆಂಟ್‌ಗಿಂತ ಕಡಿಮೆ ಇದ್ದರೆ ಸಾಮಾನ್ಯವಾಗಿ ಇಲ್ಲ. ಎರಡು ಕಾಯಿಲೆಗೆ 30 ಮತ್ತು 20 ಕೊಟ್ಟರೆ ಒಟ್ಟು 50 ಆಗುವುದಿಲ್ಲ, ಬೋರ್ಡ್ ಅದಕ್ಕಿಂತ ಕಡಿಮೆಯ ಒಂದು ಒಟ್ಟು ಪ್ರಮಾಣ ಬರೆಯುತ್ತದೆ. 100 ಪರ್ಸೆಂಟ್ ಅಂಗವೈಕಲ್ಯಕ್ಕೆ ಕೊನೆಯ ವೇತನದ 30 ಪರ್ಸೆಂಟ್. ಬ್ರಾಡ್‌ಬ್ಯಾಂಡಿಂಗ್‌ನಲ್ಲಿ, ಅಂದರೆ ಪ್ರಮಾಣವನ್ನು ಮೇಲಿನ ಹಂತಕ್ಕೆ ಏರಿಸುವ ಪದ್ಧತಿಯಲ್ಲಿ, 50ರ ಒಳಗಿನದು 50 ಆಗುತ್ತದೆ, ಹಾಗಾಗಿ 40,000 ರೂಪಾಯಿ ವೇತನದಲ್ಲಿ 30 ಪರ್ಸೆಂಟ್‌ನವರಿಗೆ ತಿಂಗಳಿಗೆ 6,000, ಮೇಲೆ ತುಟ್ಟಿಭತ್ಯೆ. ಅವಧಿ ಮುಗಿಸಿ ನಿವೃತ್ತರಾದವರಿಗೂ ಇದು ಸಲ್ಲುತ್ತದೆ ಎಂದು 2014ರಲ್ಲಿ ರಾಮ್ ಅವತಾರ್ ಪ್ರಕರಣದಲ್ಲಿ ತೀರ್ಮಾನವಾಯಿತು. 2023ರ ಸೆಪ್ಟೆಂಬರ್ 21ರಿಂದ ಹೊಸ ನಿಯಮ ಜಾರಿಯಲ್ಲಿದೆ. ಆಮೇಲೆ ಹೊರಬಂದವರು ಈ ಲೆಕ್ಕ ಹಿಡಿಯಬೇಡಿ.

ನಿರಾಕರಣೆಯ ಪತ್ರ ಬಂದ ಆರು ತಿಂಗಳೊಳಗೆ ಮೊದಲ ಅಪೀಲು, ಅದೂ ಬಿದ್ದರೆ ಎರಡನೆಯದು, ನಂತರ ಸಶಸ್ತ್ರ ಪಡೆಗಳ ನ್ಯಾಯಮಂಡಳಿ. ಕರ್ನಾಟಕ ಬರುವುದು ಕೊಚ್ಚಿ ಪೀಠದ ಕೆಳಗೆ. ಪತ್ರ ಬಂದ ಲಕೋಟೆಯನ್ನು ಎಸೆಯಬೇಡಿ, ತಾರೀಖಿನ ಮುದ್ರೆ ಇರುವುದು ಅದರ ಮೇಲೆ. ಇಸಿಜಿ ಇದ್ದರೆ ಇವತ್ತೇ ಜೆರಾಕ್ಸ್ ಮಾಡಿಸಿ. ಆ ನುಣುಪು ಕಾಗದದ ಗೆರೆಗಳು ಕೆಲವೇ ವರ್ಷಗಳಲ್ಲಿ ಮಾಸಿಹೋಗುತ್ತವೆ.