ಮಿರ್ಜಾನ ಕೋಟೆ ಮಾಡೆಲ್, ಆರನೇ ವಾರ: ಗ್ವಾಡಿ ನಿಂತಾವು, ಬೋರ್ಡ್ ಇನ್ನೂ ಖಾಲಿ

ಹೋದ ವಾರ ಅಪ್‌ಡೇಟ್ ಹಾಕಲಿಲ್ಲ, ಯಾಕಂದ್ರ ತೋರಸಾಕ ಏನೂ ಉಳದಿರಲಿಲ್ಲ. ಎರಡು ಬುರುಜು ಮುಗಿಸಿದ ಖುಷಿಗೆ ಅವಸರ ಮಾಡಿ ಸ್ಪ್ರೇ ಪೇಂಟ್ ಹೊಡದೆ, ಕಣ್ಣಮುಂದನ ಥರ್ಮಾಕೋಲ್ ಬೆಲ್ಲ ಕರಗಿದಂಗ ಕರಗಿ ಹೋತು. ಮೊದಲ ಫೆವಿಕಾಲ್ ನೀರು ಬಳದು ಒಣಗಸಬೇಕು, ಆಮ್ಯಾಲ ನೀರಿನ ಬಣ್ಣ ಹಚ್ಚಬೇಕು ಅನ್ನೋದು ಗೊತ್ತಿತ್ತು. ಗೊತ್ತಿದ್ದೂ ಮಾಡಿದ್ದಕ್ಕ ಯಾರನ್ನ ಬೈಯೂಣು.

ಹೊಸದಾಗಿ ಓದೋರಿಗೆ ಹೇಳ್ತೀನಿ, ಇದು ಕುಮಟಾ ತಾಲೂಕಿನ್ಯಾಗ ಅಘನಾಶಿನಿ ಹೊಳಿ ಹತ್ರ ಇರೋ ಕೋಟೆ, ಸುಮಾರು 10 ಎಕರೆ. 1:300 ಅಳತಿಗೆ ಮಾಡಾಕತ್ತೇನಿ, ಹಂಗಾಗಿ ಮೂರಡಿ ಪ್ಲೈವುಡ್ ಮ್ಯಾಲ ಕೂಡ್ತೈತಿ. ಮನಿ ಹಾಲ್‌ನ್ಯಾಗ ಕೂಡ್ತೈತೋ ಇಲ್ಲೋ ಅದು ಬ್ಯಾರೆ ಮಾತು.

ಈ ವಾರದ ದೊಡ್ಡ ಗೆಲುವು ಅಂದ್ರ ಚಿರೆಕಲ್ಲು, ಲ್ಯಾಟರೈಟ್ ಅಂತಾರಲ್ಲ ಆ ಕೆಂಪು ಕಲ್ಲು. ಕೋಟೆ ಪೂರ್ತಿ ಚಿರೆಕಲ್ಲಿಂದು, ಮೈತುಂಬ ತೂತು, ಥರ್ಮಾಕೋಲ್ ಮ್ಯಾಲ ಬ್ಲೇಡಿಂದ ಗೀರಿದ್ರ ಇಟ್ಟಂಗಿ ಗ್ವಾಡಿ ಕಂಡಂಗ ಕಾಣ್ತಿತ್ತು. ಕಡೀಕ ಭಾಂಡೆ ತಿಕ್ಕೋ ತಂತಿ ತಗೊಂಡು ಮೆತ್ತಗ ಒತ್ತಿ ತಿರುವಿದೆ, ಹೇಳಿ ಮಾಡಿಸಿದಂಗ ತೂತು ಬಿದ್ದು. "ನನ್ನ ತಂತಿ ಎಲ್ಲಿ ಒಯ್ದಿಯೋ" ಅಂತ ಅವ್ವ ಇನ್ನೂ ಹುಡಕಾಕತ್ತಾಳ. ಬಣ್ಣಕ್ಕ ಹುರಮಂಜು, ಅದಕ್ಕ ಒಂದು ಚಿಟಿಕಿ ಕರಿ. ಮಳಿಗಾಲದಾಗ ಹೋಗಿದ್ದೆ ನಾನು, ಗ್ವಾಡಿ ಎಲ್ಲಾ ಪಾಚಿ ಹಿಡದು ಹಸರಾಗಿದ್ದು, ಅದಕ್ಕ ಬಡಿಗ್ಯಾರ ಅಂಗಡಿ ಕಟ್ಟಿಗಿ ಹೊಟ್ಟಿಗೆ ಹಸರು ಬಣ್ಣ ಕಲಸಿ ಉದರಿಸೇನಿ.

ಈಗ ಜಗಳದ ವಿಷಯ. ಮಾಡೆಲ್ ಮುಂದ ಸಣ್ಣ ಬೋರ್ಡ್ ಇಡಬೇಕಲ್ಲ, "ಕಟ್ಟಿಸಿದವರು" ಅಂತ ಏನ ಬರೀಲಿ? ಶಿರಸಿ ಕಡೆ ಗೆಳ್ಯಾ ಒಬ್ಬಾಂವ, ಗೇರುಸೊಪ್ಪೆ ರಾಣಿ ಚೆನ್ನಭೈರಾದೇವಿ ಬಿಟ್ರ ಬ್ಯಾರೆ ಹೆಸರ ತೆಗೀಬ್ಯಾಡ ಅಂತಾನ. 1552ರಿಂದ ಸುಮಾರು 1606ರ ತನಕ ಆಳಿದಾಕಿ, ಪೋರ್ಚುಗೀಸರು ಆಕಿನ್ನ ಕರಿಮೆಣಸಿನ ರಾಣಿ ಅಂತಿದ್ರು. ವಿಜಾಪುರದ ಸಹೋದ್ಯೋಗಿ ಮಾತ್ರ, ಅದು ನಮ್ಮ ಆದಿಲಶಾಹಿ ಸುಬೇದಾರ ಶರೀಫ್-ಉಲ್-ಮುಲ್ಕ್ ಕಟ್ಟಿಸಿದ್ದು, 17ನೇ ಶತಮಾನದ ಕೋಟೆ ಅಂತ ಪಟ್ಟು ಹಿಡದಾನ. 2000-01ರಾಗ ಪುರಾತತ್ವದವರು ಅಗದಾಗ ಸಿಕ್ಕಿದ್ದು ಏನಪಾ ಅಂದ್ರ ಪೋರ್ಚುಗೀಸರ 1652ರ ಚಿನ್ನದ ನಾಣ್ಯ, ಚೀನಾ ಪಿಂಗಾಣಿ ಚೂರು, ತೋಪಿನ ಗುಂಡು, ಇಸ್ಲಾಮಿ ಬರಹದ ಫಲಕ. ಇಬ್ಬರೂ ಅದನ್ನ ತಮ್ಮ ಕಡೆ ಎಳಕೊಂತಾರ! ಆಮ್ಯಾಲ ಕೆಳದಿಯವರು, ಮರಾಠರು, ಹೈದರ, ಇಂಗ್ಲಿಷರು ಅಂತ ಕೋಟೆ ಹಿಡದವರ ಸಾಲು ಐತಿ.

ನನಗ ಕಾಣೋದು ಇಷ್ಟ, ಎಲ್ಲಾರೂ ಇದರ ಬೆನ್ನ ಬಿದ್ದಿದ್ದು ಮೆಣಸಿಗೆ. ಘಟ್ಟದ ಮ್ಯಾಲಿನ ಮಾಲು ಇಳದು ಹೊಳಿಯಾಗಿಂದ ಸಮುದ್ರಕ್ಕ ಹೋಗೋ ಬಾಯಿ ಅದು, ಅಲ್ಲಿ ಕುಂತಾಂವಗ ಸುಂಕ. ನಮ್ಮ ಧಾರವಾಡ ಸೀಮಿ ಹತ್ತೀನೂ 19ನೇ ಶತಮಾನದಾಗ ಎತ್ತಿನ ಗಾಡ್ಯಾಗ ದೇವಿಮನೆ ಘಟ್ಟ ಇಳದು ಕುಮಟಾ ಬಂದರಕ್ಕ ಹೋಗಿ, ಪ್ಯಾಟ್ಯಾಗ "ಕುಮಟಾ ಹತ್ತಿ" ಅಂತ ಮಾರಾಟ ಆಗ್ತಿತ್ತು. ಬೆಳದಾಂವ ಇಲ್ಲ್ಯಾಂವ, ಹೆಸರ ಬಂದರದ್ದು, ಇದಕ್ಕ ಮಾತ್ರ ನನಗ ಸ್ವಲ್ಪ ಹೊಟ್ಟಿಕಿಚ್ಚ ಐತಿ.

ಸದ್ಯ ಬೋರ್ಡಿನ ಮ್ಯಾಲ "ಮಿರ್ಜಾನ" ಅಂತಷ್ಟ ಬರದೇನಿ, ಕೆಳಗ ಎರಡು ಸಾಲ ಜಾಗ ಬಿಟ್ಟೇನಿ.

ಮುಂದಿನ ವಾರ ಮೆಟ್ಟಿಲು, ಬಾವಿಗಳು, ಸುತ್ತಲಿನ ಕಂದಕ. ಕಂದಕದ ನೀರಿಗೆ ರೆಸಿನ್ ಹಾಕೂಣಂದ್ರ ತುಟ್ಟಿ, ಫೆವಿಕಾಲ್ ತೆಳ್ಳಗ ಐದಾರು ಸಲ ಹಾಕಿದ್ರ ನಡದೀತಾ? ಮಾಡಿದವರು ಇದ್ರ ಹೇಳ್ರಿ, ಮತ್ತ ಕರಗಸಾಕ ನನ್ನ ಹತ್ರ ಥರ್ಮಾಕೋಲ್ ಉಳದಿಲ್ಲ.